ಮೊಲಕ್ಕೊಂದು ಪಥ್ಯ



ಮೊಲದ ಮೇಲೆ ನಮ್ಮ ನುಡಿಗೂ ನಮ್ಮ ಕಥೆಗಳಿಗೂ ಇರುವ ಪ್ರೀತಿ ಸಣ್ಣದಲ್ಲ. ಅದನ್ನು ಚಂದ್ರನೊಳಗೆ ಕೂಡಿಸಿ ಅವನನ್ನು ಶಶಾಂಕನೆಂದು ಕರೆದೆವು. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡಹುವ ಬುದ್ಧಿಯನ್ನು ಅದಕ್ಕೆ ಕೊಟ್ಟೆವು. ಇಲ್ಲದ ವಸ್ತುವಿಗೊಂದು ಉದಾಹರಣೆ ಬೇಕಾದಾಗ ತಾರ್ಕಿಕರು ಅದರ ತಲೆಯ ಮೇಲೆ ಕೊಂಬನ್ನೂ ಕಲ್ಪಿಸಿದರು. ಹಟಮಾರಿಯಾದವನು ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಇಂದಿಗೂ ಸಾಧಿಸುತ್ತಲೇ ಇದ್ದಾನೆ. ಇಷ್ಟೆಲ್ಲ ಮಾಡಿದ ನಾವು, ಆ ಪ್ರಾಣಿ ಏನು ತಿಂದು ಬದುಕುತ್ತದೆ ಎಂಬ ಸಣ್ಣ ಪ್ರಶ್ನೆಯನ್ನು ಮಾತ್ರ ಕೇಳಿಕೊಂಡಂತೆ ಕಾಣುವುದಿಲ್ಲ. ಕೇಳಿ ನೋಡಿರಿ, ಶಾಲೆಯ ಮಗುವಿನಿಂದ ಹಿಡಿದು ಕಟ್ಟೆಯ ಮೇಲಿನ ಮುದುಕರವರೆಗೆ ಎಲ್ಲರದೂ ಒಂದೇ ಉತ್ತರ: ಗಜ್ಜರಿ.

ಈ ಉತ್ತರ ನಮಗೆ ಹೊಲದಿಂದ ಬಂದದ್ದಲ್ಲ, ತೆರೆಯಿಂದ ಬಂದದ್ದು. 1940ರಲ್ಲಿ ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆ 'ಎ ವೈಲ್ಡ್ ಹೇರ್' ಎಂಬ ಕಿರುಚಿತ್ರವನ್ನು ಹೊರತಂದಿತು. ಅದರಲ್ಲಿ ಬಗ್ಸ್ ಬನ್ನಿ ಎಂಬ ಮೊಲ ಬೇಟೆಗಾರನ ಎದುರಿಗೇ ನಿಂತು, ಗಜ್ಜರಿಯನ್ನು ಕಟಕಟನೆ ಕಡಿಯುತ್ತ ಉಡಾಫೆಯ ಮಾತಾಡುತ್ತದೆ. ಅದಕ್ಕೆ ಆರು ವರ್ಷ ಮೊದಲು, 1934ರಲ್ಲಿ ಬಂದ 'ಇಟ್ ಹ್ಯಾಪನ್ಡ್ ಒನ್ ನೈಟ್' ಚಿತ್ರದಲ್ಲಿ ಕ್ಲಾರ್ಕ್ ಗೇಬಲ್ ಎಂಬ ನಟ ಹೀಗೆಯೇ ಗಜ್ಜರಿ ಅಗಿಯುತ್ತ ಮಾತಾಡಿದ್ದ. ಅವನನ್ನೇ ಅಣಕಿಸಿದೆವೆಂದು ಬಗ್ಸ್ ಬನ್ನಿಯನ್ನು ರೂಪಿಸಿದವರೇ ಹೇಳಿಕೊಂಡಿದ್ದಾರೆ. ಒಬ್ಬ ನಟನ ಹಾಸ್ಯ ಚಿತ್ರದ ಮೊಲಕ್ಕೆ ಬಂತು. ಚಿತ್ರದ ಮೊಲದ ಊಟ ಜಗತ್ತಿನ ಜೀವಂತ ಮೊಲಗಳ ತಟ್ಟೆಗೆ ಬಂತು. ವಿನೋದವೆಂದು ನಕ್ಕು ಬಿಡಬಹುದಾಗಿತ್ತು, ಅದರಿಂದ ಪ್ರಾಣಿಗಳು ಸಾಯದೆ ಇದ್ದಿದ್ದರೆ.

ನಮ್ಮ ಹಿಂದಿನವರು ಇದಕ್ಕಿಂತ ಚೆನ್ನಾಗಿ ನೋಡಿದ್ದರು. ಬೌದ್ಧರ ಶಶ ಜಾತಕದ ಕಥೆಯನ್ನು ಸ್ಮರಿಸಿಕೊಳ್ಳಿರಿ. ಮನೆಗೆ ಬಂದ ಅತಿಥಿಗೆ ನೀರುನಾಯಿ ಮೀನನ್ನು ಕೊಡುತ್ತದೆ, ಕೋತಿ ಮಾವಿನ ಹಣ್ಣನ್ನು ಕೊಡುತ್ತದೆ. ಮೊಲಕ್ಕೆ ಕೊಡಲು ಏನೂ ಇಲ್ಲ. ಏಕೆಂದರೆ ಅದು ತಿನ್ನುವುದು ಹುಲ್ಲನ್ನು, ಮನುಷ್ಯನಿಗೆ ಹುಲ್ಲನ್ನು ಬಡಿಸಲಾಗದು. ಆದುದರಿಂದಲೇ ಅದು ತನ್ನ ಮೈಯನ್ನೇ ಬೆಂಕಿಗೆ ಒಡ್ಡಿಕೊಳ್ಳುತ್ತದೆ. ಆ ಕಥೆಯ ತ್ಯಾಗವೆಲ್ಲ ನಿಂತಿರುವುದು ಮೊಲ ಹುಲ್ಲು ತಿನ್ನುವ ಪ್ರಾಣಿ ಎಂಬ ಒಂದು ಸಾದಾ ಸಂಗತಿಯ ಮೇಲೆ. ಕಥೆ ಕಟ್ಟಿದವನು ಮೊಲವನ್ನು ಕಣ್ಣಾರೆ ಕಂಡವನು.

ಇನ್ನೊಂದು ಸಾಕ್ಷಿ ದೂರದ್ದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದಲ್ಲಿದ್ದ ತನ್ನ ಎಸ್ಟೇಟಿಗೆ, ಬೇಟೆಯ ವಿಲಾಸಕ್ಕೆಂದು, ಇಂಗ್ಲೆಂಡಿನಿಂದ ಎರಡು ಡಜನ್ನಿನಷ್ಟು ಮೊಲಗಳನ್ನು ತರಿಸಿದ. ಕೆಲವೇ ದಶಕಗಳಲ್ಲಿ ಅವುಗಳ ಸಂತತಿ ಖಂಡವನ್ನೇ ಆವರಿಸಿ ರೈತರನ್ನು ಗೋಳಾಡಿಸಿತು. ಅಲ್ಲಿ ಅವುಗಳಿಗೆ ಗಜ್ಜರಿಯನ್ನಾಗಲಿ ಬಿಸ್ಕತ್ತನ್ನಾಗಲಿ ಯಾರೂ ಹಾಕಲಿಲ್ಲ. ಹುಲ್ಲನ್ನೂ ಗಿಡಗಂಟೆಗಳನ್ನೂ ಮೇಯ್ದು ಅಷ್ಟು ಬಲಿತವು.

ನಾನು ಇಲ್ಲಿ ಹೇಳುತ್ತಿರುವ ಮೊಲ ನಮ್ಮ ಹೊಲದ ಬದುವಿನಲ್ಲಿ ಕಿವಿ ನಿಮಿರಿಸಿ ಓಡುವ ಕಾಡುಮೊಲವಲ್ಲವೆಂಬುದನ್ನೂ ಹೇಳಿಬಿಡಬೇಕು. ಅದರ ಜಾತಿಯೇ ಬೇರೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ; ಹಿಡಿದರೂ ಅದು ಭಯದಿಂದಲೇ ಬಹುಕಾಲ ಬದುಕದು. ಬಿಳಿಯ, ಬೂದು ಬಣ್ಣದ, ಪಂಜರದಲ್ಲಿ ಮಾರಾಟಕ್ಕೆ ಬರುವ ಸಾಕುಮೊಲ ಯೂರೋಪಿನ ಮೂಲದ್ದು, ಸ್ಪೇನ್ ಮತ್ತು ಪೋರ್ಚುಗಲ್ ಕಡೆಯ ಹುಲ್ಲುಗಾವಲುಗಳಲ್ಲಿ ಬಿಲ ತೋಡಿ ಬದುಕಿದ ವಂಶದ್ದು. ಬಿಸಿಲು ನಾಡಿಗೆ ಬಂದ ಈ ಪರದೇಶಿ ಅತಿಥಿಯ ಊಟದ ಪ್ರಶ್ನೆಯೇ ಇಂದಿನ ನನ್ನ ವಿಷಯ.

ಸೇವೆಯಲ್ಲಿದ್ದ ಕಾಲದಲ್ಲಿ ನಾನು ಎತ್ತು ಎಮ್ಮೆಗಳ ಹೊಟ್ಟೆಯನ್ನು ತಟ್ಟಿ ನೋಡಿದವನು. ಪಶುವೈದ್ಯ ಖಾತೆಯಲ್ಲಿ ಪರೀಕ್ಷಕನಾಗಿದ್ದೆ. ಮೊಲ ನನ್ನ ಬಳಿಗೆ ಬಂದದ್ದು ನಿವೃತ್ತಿಯ ಬಳಿಕ, ಬಂಧುತ್ವದ ದಾರಿಯಿಂದ. ನನ್ನ ತಂಗಿಯ ಮನೆ ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಲ್ಲಿದೆ. ಗಡಿಯ ಕಡೆಯ ಊರು. ಕನ್ನಡ ತೆಲುಗು ಎರಡೂ ಒಂದೇ ಅಂಗಳದಲ್ಲಿ ಆಡುತ್ತವೆ. ಗಡಿಯಾಚೆಯ ತೆಲುಗಿನಲ್ಲಿ ಬೇವಿನ ಗಿಡಕ್ಕೆ 'ಯಾಪ' ಎನ್ನುತ್ತಾರೆ, ದಿನ್ನೆ ಎಂದರೆ ದಿಬ್ಬ. ಬೇವಿನ ದಿಬ್ಬವೆಂದು ಊರ ಹೆಸರಿಗೆ ನಾನು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡಿದ್ದೇನೆ, ಪಂಡಿತರು ಬೇರೆ ಹೇಳಿದರೆ ಜಗಳವಿಲ್ಲ. ತಂಗಿಯ ಮೊಮ್ಮಗಳಿಗೆ ಹನ್ನೊಂದು ವರ್ಷ. ಅವಳ ಅಪ್ಪ ಪೇಟೆಯಿಂದ ತಂದುಕೊಟ್ಟ ಬಿಳಿಯ ಮೊಲಕ್ಕೆ ಅವಳು ಬೆಳ್ಳಿ ಎಂದು ಹೆಸರಿಟ್ಟಿದ್ದಳು. ಹೋದ ವರ್ಷ ಮಳೆಗಾಲದ ಮೊದಲಲ್ಲಿ ನಾನು ಅಲ್ಲಿಗೆ ಹೋದಾಗ ಬೆಳ್ಳಿಗೆ ಒಂದೂವರೆ ವರ್ಷ, ತೂಕ ಮೂರು ಕಿಲೋದ ಮೇಲೆ ನೂರು ಗ್ರಾಂ. ಅದರ ಎಲುಬಿನ ಗಾತ್ರಕ್ಕೆ ಎರಡೂವರೆ ಕಿಲೋ ಸಾಕಾಗಿತ್ತು. ಕೈಯಿಟ್ಟು ಒತ್ತಿದರೂ ಪಕ್ಕೆಲುಬು ಸಿಗುತ್ತಿರಲಿಲ್ಲ. ಗದ್ದದ ಕೆಳಗೆ ಚರ್ಮ ಜೋತುಬಿದ್ದಿತ್ತು. ಹಿಂಭಾಗದ ಕೂದಲಿಗೆ ಮೆತ್ತನೆಯ ಹಿಕ್ಕೆ ಅಂಟಿಕೊಂಡಿತ್ತು, ಅದರ ಸುತ್ತ ನೊಣ.

ಅದರ ದಿನಚರಿಯನ್ನು ಕೇಳಿದೆ. ಬೆಳಿಗ್ಗೆ ಚಹದ ಹೊತ್ತಿಗೆ ಎರಡು ಬಿಸ್ಕತ್ತು. ಮಧ್ಯಾಹ್ನ ಒಂದು ಚಪಾತಿ, ಇಲ್ಲವೇ ಜೋಳದ ರೊಟ್ಟಿಯ ಅಂಚು. ಸಂಜೆ ಒಂದು ದೊಡ್ಡ ಗಜ್ಜರಿ. ನಡುನಡುವೆ ಮನೆಯವರು ಮಂಡಾಳು ತಿಂದರೆ ಅದಕ್ಕೂ ಒಂದು ಮುಷ್ಟಿ, ಶೇಂಗಾ ಸುಲಿದರೆ ಅದಕ್ಕೂ ನಾಲ್ಕು ಬೀಜ. ಅಂಗಡಿಯವನು ಕೊಟ್ಟ ಗುಳಿಗೆಯ ಆಹಾರ ಬಟ್ಟಲಲ್ಲಿ ಇದ್ದೇ ಇತ್ತು. ಹುಲ್ಲು? ಎಂದು ಕೇಳಿದೆ. ನನ್ನ ತಂಗಿಗೆ ನಿಜವಾಗಿಯೂ ನೋವಾಯಿತು. "ಅಣ್ಣಾ, ಮನ್ಯಾಗಿನ ಕೂಸಿಗೆ ಯಾರರ ಹುಲ್ಲು ಹಾಕ್ತಾರೇನು? ಕಂಡ ಮಂದಿ ಏನಂದಾರು?" ಎಂದಳು. ನಾನು ನಗಲಿಲ್ಲ. ನಮ್ಮಲ್ಲಿ ಪ್ರೀತಿಯನ್ನು ತೋರಿಸುವ ದಾರಿ ಉಣಿಸುವುದೇ ಆಗಿದೆ. ನಾವು ಉಣ್ಣುವುದನ್ನು ಉಣಿಸಿದರೆ ಮಾತ್ರ ಅದು ನಮ್ಮವರಲ್ಲಿ ಒಂದಾಗುತ್ತದೆ ಎಂಬುದು ಆಕೆಯ ಮಾತಿನ ತಾತ್ಪರ್ಯ. ಅದು ಕೆಟ್ಟ ಭಾವವಲ್ಲ. ಆದರೆ ಮೊಲದ ಹೊಟ್ಟೆಗೆ ಭಾವ ತಿಳಿಯದು.

ಆ ಹೊಟ್ಟೆಯ ವಿಷಯವನ್ನು ಕೊಂಚ ವಿಸ್ತರಿಸಬೇಕಾಗಿದೆ, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟುತ್ತದೆ. ಆಕಳು ಎಮ್ಮೆಗಳು ತಿಂದದ್ದನ್ನು ಮೊದಲು ದೊಡ್ಡ ಚೀಲದಂಥ ಉದರದಲ್ಲಿ ಹುಳಿಸಿ, ಮೆಲುಕು ಹಾಕಿ, ಆಮೇಲೆ ಕರುಳಿಗೆ ಸಾಗಿಸುತ್ತವೆ. ಮೊಲದಲ್ಲಿ ಈ ಕ್ರಮ ತಿರುವುಮುರುವು. ಅದರ ಜಠರ ಸಣ್ಣದು. ಹುಳಿಸುವ ಕಾರ್ಖಾನೆ ಇರುವುದು ಕರುಳಿನ ಕೊನೆಯ ಕಡೆಗೆ, ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ತಾವಿನಲ್ಲಿ; ಕುರುಡುಗರುಳೆಂದು ಕರೆಯುವ ಆ ಚೀಲ ಜಠರಕ್ಕಿಂತ ಎಷ್ಟೋ ಪಾಲು ದೊಡ್ಡದು. ಅಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ವಾಸವಾಗಿವೆ. ದೊಡ್ಡ ಕರುಳು ಒಂದು ಜಾಣ ಜರಡಿಯಂತೆ ಕೆಲಸ ಮಾಡುತ್ತದೆ: ಒರಟು ನಾರನ್ನು ಮುಂದಕ್ಕೆ ತಳ್ಳಿ ಒಣ ಹಿಕ್ಕೆಯಾಗಿ ಹೊರಹಾಕುತ್ತದೆ, ನುಣ್ಣನೆಯ ಭಾಗವನ್ನು ಹಿಂದಕ್ಕೆ ಆ ಚೀಲಕ್ಕೆ ಕಳಿಸುತ್ತದೆ. ಅಲ್ಲಿ ಹುಳಿತದ್ದು ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಗುಳಿಗೆಗಳಾಗಿ ಹೊರಬರುತ್ತದೆ. ಮೊಲ ಬಾಗಿ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. 1882ರಲ್ಲಿ ಮೊರೊ ಎಂಬ ಫ್ರೆಂಚ್ ಪಶುವೈದ್ಯ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದ. ನೋಡುವವರಿಗೆ ಹೇಸಿಗೆ ಅನ್ನಿಸಬಹುದು. ಮೊಲಕ್ಕೆ ಅದು ಎರಡನೆಯ ಪಂಕ್ತಿಯ ಊಟ. ಸಸಾರಜನಕದ ಒಂದು ಪಾಲೂ ಬಿ ವರ್ಗದ ಜೀವಸತ್ವಗಳ ಬಹುಪಾಲೂ ಅದಕ್ಕೆ ದೊರೆಯುವುದು ಅದರಿಂದ.

ಈ ಯಂತ್ರವನ್ನು ಓಡಿಸುವ ಶಕ್ತಿ ಒರಟು ನಾರು. ಅದು ಜೀರ್ಣವಾಗುವುದಿಲ್ಲ, ಆದರೆ ಅದು ಇದ್ದರೆ ಮಾತ್ರ ಕರುಳು ಚಲಿಸುತ್ತದೆ. ನಾರು ಕಡಿಮೆಯಾಗಿ ಪಿಷ್ಟ ಸಕ್ಕರೆ ಹೆಚ್ಚಾದರೆ ಕರುಳು ಮಂದವಾಗುತ್ತದೆ, ಒಳಗಿನ ಸೂಕ್ಷ್ಮಜೀವಿಗಳ ಸಮತೋಲ ತಪ್ಪುತ್ತದೆ, ಮೆತ್ತನೆಯ ಗುಳಿಗೆ ಕಟ್ಟದೆ ಅಂಟಾಗಿ ಕೂದಲಿಗೆ ಮೆತ್ತುತ್ತದೆ. ಬೊಜ್ಜು ಬಂದ ಮೊಲಕ್ಕೆ ಬಾಗಿ ತನ್ನನ್ನು ತಾನು ಶುಚಿ ಮಾಡಿಕೊಳ್ಳಲೂ ಆಗುವುದಿಲ್ಲ. ನಮ್ಮ ಕಡೆಯ ಸೆಕೆಯಲ್ಲಿ ಅಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದೊಳಗೆ ಹುಳ ಬಿದ್ದು ಜೀವಂತ ಮಾಂಸವನ್ನೇ ತಿನ್ನತೊಡಗುತ್ತವೆ. ಬೆಳ್ಳಿಯ ಸುತ್ತ ಹಾರುತ್ತಿದ್ದ ನೊಣಗಳನ್ನು ಕಂಡು ನಾನು ಗಾಬರಿಯಾದದ್ದು ಇದಕ್ಕಾಗಿ.

ಹಲ್ಲಿನ ಮಾತೂ ಇದಕ್ಕೆ ಸೇರಿದ್ದು. ಮೊಲವನ್ನು ಬಹುಕಾಲ ಇಲಿಯ ಕುಲಕ್ಕೇ ಸೇರಿಸಿದ್ದರು. 1912ರಲ್ಲಿ ಗಿಡ್ಲಿ ಎಂಬ ಅಮೆರಿಕನ್ ವಿಜ್ಞಾನಿ ಅದು ಪ್ರತ್ಯೇಕ ಗಣವೆಂದು ವಾದಿಸಿದ. ಮೇಲಿನ ಎರಡು ಬಾಚಿಹಲ್ಲುಗಳ ಹಿಂದೆ ಇನ್ನೆರಡು ಪುಟ್ಟ ಹಲ್ಲುಗಳು ಅಡಗಿರುವುದು ಇಲಿಗಿಂತ ಅದನ್ನು ಬೇರೆ ಮಾಡುವ ಗುರುತು. ಒಟ್ಟು 28 ಹಲ್ಲು, ಅಷ್ಟೂ ಜೀವವಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಒಣ ಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡ ಅರೆದಾಗ ದವಡೆ ಹಲ್ಲುಗಳು ಬೆಳೆದಷ್ಟೂ ಸವೆಯುತ್ತವೆ. ಚಪಾತಿಯನ್ನು ತಿನ್ನಲು ಅರೆಯುವ ಅಗತ್ಯವೇ ಇಲ್ಲ. ಗಜ್ಜರಿ ಗಟ್ಟಿಯಾದರೂ ಎರಡೇ ಕಡಿತಕ್ಕೆ ಮುಗಿಯುತ್ತದೆ. ಸವೆಯದ ಹಲ್ಲಿನ ಅಂಚು ಮೊನಚಾಗಿ ನಾಲಗೆಯನ್ನೂ ಕೆನ್ನೆಯನ್ನೂ ಸೀಳುತ್ತದೆ. ಆಗ ಮೊಲ ಜೊಲ್ಲು ಸುರಿಸುತ್ತ, ಆಹಾರದ ಬಳಿಗೆ ಬಂದು, ಮೂಸಿ, ತಿನ್ನದೆ ಹಿಂತಿರುಗುತ್ತದೆ. ಮನೆಯವರು ಅದಕ್ಕೆ ಬೇಸರವಾಗಿದೆ ಎಂದುಕೊಂಡು ಇನ್ನಷ್ಟು ಮೆತ್ತನೆಯದನ್ನು ಕೊಡುತ್ತಾರೆ.

ಗುಳಿಗೆಯ ಆಹಾರದ ಬಗ್ಗೆ ಒಂದು ಮಾತು. ಚೀಲದಲ್ಲಿ ಬರುವ ಈ ಆಹಾರಗಳಲ್ಲಿ ಹಲವು ಮಾಂಸಕ್ಕಾಗಿ ಸಾಕುವ ಮೊಲಗಳಿಗೆಂದು ತಯಾರಾದವು. ಅಂಥ ಮೊಲ ಎರಡು ಮೂರು ತಿಂಗಳಲ್ಲಿ ತೂಕ ಬಂದರೆ ಸಾಕು. ಅದರ ಆಯುಸ್ಸು ಅಲ್ಲಿಗೆ ಮುಗಿಯುತ್ತದೆ. ಮನೆಯ ಮೊಲ ಎಂಟು ಹತ್ತು ವರ್ಷ ಬಾಳಬೇಕಾದದ್ದು. ಒಂದರ ಊಟವನ್ನು ಇನ್ನೊಂದಕ್ಕೆ ಮನಸ್ವಿಯಾಗಿ ಹಾಕುವುದು ಹೇಗೆ ಸರಿಯಾದೀತು? ಬೆಳೆದ ಮೊಲಕ್ಕೆ ಕೊಡುವುದೇ ಆದರೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 20ರಿಂದ 25 ಗ್ರಾಂ ಮೀರಬಾರದು. ಉಳಿದ ಊಟದ ಬಹುಪಾಲು ಹುಲ್ಲು, ಒಣಗಿದ್ದು ಇಲ್ಲವೇ ಹಸಿಯದು. ಅದಕ್ಕೆ ಮಿತಿಯೇ ಬೇಡ. ಸೊಪ್ಪು ಒಂದೆರಡು ಹಿಡಿ. ಹಣ್ಣು ಗಜ್ಜರಿಗಳು ಬೆರಳ ತುದಿಯಷ್ಟು, ವಾರಕ್ಕೆ ಒಂದೆರಡು ಸಲ.

ಹೇಳುವುದು ಸುಲಭ. ಒಂದೂವರೆ ವರ್ಷ ಚಪಾತಿ ತಿಂದ ಪ್ರಾಣಿಯ ಮುಂದೆ ಹುಲ್ಲನ್ನಿಟ್ಟರೆ ಅದು ಅದರ ಮೇಲೆ ಮಲಗುತ್ತದೆ. "ತಾತಾ, ಅದು ಹುಲ್ಲು ಮೂಸಿ ಹೊಳ್ಳಿ ನನ್ನ ಮಾರಿ ನೋಡ್ತದ" ಎಂದು ಹುಡುಗಿ ಎರಡನೆಯ ದಿನವೇ ಕಣ್ಣೀರಿಟ್ಟಳು. ಅವಸರ ಕೂಡದೆಂದು ಅವಳಿಗೂ ಮನೆಯವರಿಗೂ ಹೇಳಿದೆ. ಮೊದಲ ವಾರ ಏನನ್ನೂ ಬದಲಾಯಿಸದೆ ಬರಿಯ ಲೆಕ್ಕ ಬರೆಯಿರಿ ಎಂದೆ: ಎಷ್ಟು ತಿಂದಿತು, ಎಷ್ಟು ಹಿಕ್ಕೆ ಹಾಕಿತು, ಹಿಕ್ಕೆ ದಪ್ಪವೋ ಸಣ್ಣದೋ, ವಾರಕ್ಕೊಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಕವೆಷ್ಟು. ಹುಡುಗಿ ಶಾಲೆಯ ಹಳೆಯ ನೋಟುಬುಕ್ಕೊಂದರ ಹಿಂಬದಿಯಲ್ಲಿ ಬರೆದಿಟ್ಟಳು. ಆ ಮನೆಯ ಯಾವ ಲೆಕ್ಕವೂ ಅಷ್ಟು ಚೊಕ್ಕಟವಾಗಿಲ್ಲವೆಂದು ನನ್ನ ಅನುಮಾನ.

ಎರಡನೆಯ ವಾರ ಬಿಸ್ಕತ್ತನ್ನು ಒಂದಕ್ಕೆ ಇಳಿಸಿದೆವು, ಚಪಾತಿಯನ್ನು ಮುಕ್ಕಾಲಿಗೆ. ಮೊಲ ಮೂತ್ರ ಮಾಡುವ ಮೂಲೆಯೊಂದನ್ನು ತಾನೇ ಗೊತ್ತುಮಾಡಿಕೊಂಡಿರುತ್ತದೆ. ಅಲ್ಲಿ ಕೂತಾಗ ಅದಕ್ಕೆ ಏನನ್ನಾದರೂ ಮೆಲ್ಲುವ ಅಭ್ಯಾಸ. ಆದುದರಿಂದ ಒಣ ಗರಿಕೆಯನ್ನು ಒಂದು ಬಿದಿರ ಬುಟ್ಟಿಗೆ ತುಂಬಿ ಆ ಮೂಲೆಯ ಪಕ್ಕದಲ್ಲೇ, ಅದರ ಬಾಯಿಯ ಎತ್ತರಕ್ಕೆ ಕಟ್ಟಿದೆವು. ಗಜ್ಜರಿಯನ್ನು ತುರಿದು ಹುಲ್ಲಿನೊಳಗೆ ಉದುರಿಸಿದೆವು. ತುರಿಯನ್ನು ಹುಡುಕುತ್ತ ಮೊಲ ಒಂದೊಂದೇ ಎಳೆಯನ್ನು ಬಾಯಿಗೆ ಹಾಕಿಕೊಂಡಿತು. ಬೆಳಗಿನ ಜಾವ ಮತ್ತು ಮುಸ್ಸಂಜೆ ಅದಕ್ಕೆ ಸಹಜವಾಗಿ ಹಸಿವಾಗುವ ಹೊತ್ತು. ಹೊಸ ಹುಲ್ಲನ್ನು ಆಗಲೇ ಇಡುವುದು ಲೇಸು. ಸೊಪ್ಪನ್ನಾದರೂ ಒಂದು ಸಲಕ್ಕೆ ಒಂದೇ ಬಗೆ, ಮೂರು ನಾಲ್ಕು ದಿನ ನೋಡಿ ಇನ್ನೊಂದು. ಕೊತ್ತಂಬರಿಯಿಂದ ಆರಂಭಿಸಿದೆವು, ಆಮೇಲೆ ಮೂಲಂಗಿಯ ಸೊಪ್ಪು. ಗಜ್ಜರಿಯ ಗಡ್ಡೆಗಿಂತ ಅದರ ಸೊಪ್ಪು ಮೊಲಕ್ಕೆ ಹಿತವೆಂಬುದನ್ನು ಕೇಳಿ ತಂಗಿಗೆ ಬಹಳ ಆಶ್ಚರ್ಯವಾಯಿತು; ಅದನ್ನು ಕಿತ್ತು ತಿಪ್ಪೆಗೆ ಎಸೆಯುವುದೇ ರೂಢಿ.

ಮೂರನೆಯ ವಾರದಲ್ಲಿ ನಾನು ರಾಯಚೂರಿಗೆ ಮರಳಿದ್ದೆ. ಆಗ ನಡೆದುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇದು ಎಷ್ಟೋ ಮನೆಗಳಲ್ಲಿ ನಡೆಯುವಂಥದು. ಹುಡುಗಿಯ ಅಪ್ಪನಿಗೆ ಈ ಗೋಗರೆಯುವಿಕೆಯೆಲ್ಲ ಅತಿಯೆನ್ನಿಸಿತು. ಹಸಿದರೆ ತಾನೇ ತಿನ್ನುತ್ತದೆ ಎಂದು ಒಂದು ಸಂಜೆ ಚಪಾತಿ, ಗಜ್ಜರಿ, ಗುಳಿಗೆ ಎಲ್ಲವನ್ನೂ ತೆಗೆದು ಹುಲ್ಲೊಂದನ್ನೇ ಬಿಟ್ಟ. ಲಂಘನಂ ಪರಮೌಷಧಂ ಎಂದು ನಮ್ಮ ಹಿರಿಯರು ಹೇಳಿದ್ದುಂಟು. ಮನುಷ್ಯರ ಅಜೀರ್ಣಕ್ಕೆ ಅದು ಒಪ್ಪಬಹುದು. ಮೊಲಕ್ಕೆ, ಅದರಲ್ಲೂ ಬೊಜ್ಜು ಬಂದ ಮೊಲಕ್ಕೆ, ಲಂಘನವೇ ವಿಷ. ಅದು ಉಪವಾಸ ಬಿದ್ದ ಕೂಡಲೆ ಕರುಳು ನಿಲ್ಲುತ್ತದೆ. ಮೈಯ ಕೊಬ್ಬು ಕರಗಿ ಪಿತ್ತಜನಕಾಂಗಕ್ಕೆ ನುಗ್ಗಿ ಅದನ್ನು ಕೆಡಿಸುತ್ತದೆ. ಮೊಲಕ್ಕೆ ವಾಂತಿಯಾಗುವುದೂ ಸಾಧ್ಯವಿಲ್ಲ, ಒಳಗಿನದು ಹೊರಬರಲು ಒಂದೇ ದಾರಿ. ಆ ರಾತ್ರಿ ಬೆಳ್ಳಿ ತಿನ್ನಲಿಲ್ಲ. ಬೆಳಿಗ್ಗೆ ಹಿಕ್ಕೆ ಕಾಳುಮೆಣಸಿನಷ್ಟು ಸಣ್ಣವಾಗಿ, ಕೂದಲ ಎಳೆಯಲ್ಲಿ ಪೋಣಿಸಿದಂತೆ ನಾಲ್ಕೇ ನಾಲ್ಕು ಬಿದ್ದಿದ್ದವು. ಮಧ್ಯಾಹ್ನದ ಮೇಲೆ ಅದೂ ನಿಂತಿತು. ಮೊಲ ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರೆಮುಚ್ಚಿ, ಹಲ್ಲು ಕಡಿಯುತ್ತ ಮೂಲೆಯಲ್ಲಿ ಕೂತಿತು. ಚಪಾತಿಯನ್ನು ತಂದು ಮೂಗಿನ ಮುಂದೆ ಹಿಡಿದರೂ ಮುಖ ತಿರುಗಿಸಿತು. ನೋಟುಬುಕ್ಕಿನಲ್ಲಿ ಬರೆದಿದ್ದ ಹುಡುಗಿಗೆ ಹಿಕ್ಕೆ ನಿಂತಿರುವುದು ಮೊದಲು ಗೊತ್ತಾಯಿತು. ಅವಳೇ ನನಗೆ ಫೋನು ಮಾಡಿದಳು.

ಹನ್ನೆರಡು ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲಕ್ಕೆ ಮನೆಮದ್ದು ಮಾಡುತ್ತ ಕೂಡಬಾರದು, ಅಂದೇ ಕರೆತನ್ನಿ ಎಂದೆ. ಒಂದು ಬುಟ್ಟಿಗೆ ಹಳೆಯ ಸೀರೆ ಹಾಸಿ ಅಪ್ಪ ಮಗಳು ಮೋಟಾರು ಸೈಕಲ್ಲಿನ ಮೇಲೆ ರಾಯಚೂರಿಗೆ ಬಂದರು. ವೈದ್ಯರು ಹೊಟ್ಟೆಯನ್ನು ಮುಟ್ಟಿ ನೋಡಿದರು. ಕರುಳಿಗೆ ಅಡ್ಡಗಟ್ಟಿದೆಯೋ ಅಥವಾ ಅದು ಬರಿಯ ಮಂದವಾಗಿದೆಯೋ ಎಂಬುದನ್ನು ನಿರ್ಧರಿಸದೆ ಔಷಧಿ ಕೊಡಲಾಗದು, ಅಡ್ಡಗಟ್ಟಿದ ಕರುಳಿಗೆ ಚಲನೆಯ ಮದ್ದು ಹಾಕಿದರೆ ಅನಾಹುತ. ಅಡ್ಡವಿಲ್ಲವೆಂದು ಖಚಿತವಾದ ಮೇಲೆ ಚರ್ಮದ ಕೆಳಗೆ ದ್ರವ ಕೊಟ್ಟರು, ನೋವಿಗೆ ಒಂದು ಸೂಜಿ, ಕರುಳಿನ ಚಲನೆಗೆ ಒಂದು. ಸಿರಿಂಜಿನಿಂದ ಹುಲ್ಲಿನ ಹಿಟ್ಟನ್ನು ನೀರಲ್ಲಿ ಕಲಸಿ, ಬಾಯಿಯ ಪಕ್ಕದಿಂದ, ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಗಂಟೆಗೊಮ್ಮೆ ಉಣಿಸಲು ಹೇಳಿದರು. ಅವರು ಇನ್ನೊಂದನ್ನೂ ಹೇಳಿದರು, ಅದನ್ನು ಮೊಲ ಸಾಕುವ ಎಲ್ಲರೂ ತಿಳಿದಿರಬೇಕು: ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ನಿನಂಥ ಮಾತ್ರೆಯನ್ನು ಮೊಲದ ಬಾಯಿಗೆ ಹಾಕಲೇಬಾರದು. ಮನುಷ್ಯನನ್ನು ಬದುಕಿಸುವ ಆ ಔಷಧಿ ಮೊಲದ ಕರುಳಿನ ಉಪಕಾರಿ ಜೀವಿಗಳನ್ನು ಕೊಂದು ಮೊಲವನ್ನೂ ಕೊಲ್ಲುತ್ತದೆ.

ಎರಡು ರಾತ್ರಿ ನನ್ನ ಮನೆಯಲ್ಲೇ ಉಳಿದರು. ಹುಡುಗಿ ಗಡಿಯಾರ ಇಟ್ಟುಕೊಂಡು ಸಿರಿಂಜು ಹಿಡಿದು ಕೂತಳು; ಅಪ್ಪ ಮಾತಾಡಲಿಲ್ಲ, ಹುಲ್ಲನ್ನು ಮಿಕ್ಸರಿನಲ್ಲಿ ಅರೆದು ಬಟ್ಟೆಯಲ್ಲಿ ಸೋಸಿಕೊಟ್ಟ. ಎರಡನೆಯ ರಾತ್ರಿ ಮೂರು ಗಂಟೆಯ ಸುಮಾರಿಗೆ ಬುಟ್ಟಿಯಲ್ಲಿ ಏಳು ಹಿಕ್ಕೆ ಬಿದ್ದವು. ಏಳನ್ನೂ ಎಣಿಸಿ, ನನ್ನನ್ನು ಎಬ್ಬಿಸಿ, ದೀಪ ಹಿಡಿದು ತೋರಿಸಿದರು. ನನ್ನ ಸೇವೆಯ ಅವಧಿಯಲ್ಲಿ ಸೆಗಣಿಯನ್ನು ನೋಡಿ ಸಂತೋಷಪಟ್ಟ ರೈತರನ್ನು ಕಂಡಿದ್ದೇನೆ, ಇಷ್ಟು ಸಣ್ಣದಕ್ಕೆ ಇಷ್ಟು ಸಂತೋಷವನ್ನು ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ ನಡೆಯಿತು. ಚಪಾತಿ ಮುಕ್ಕಾಲಿನಿಂದ ಅರ್ಧಕ್ಕೆ, ಅರ್ಧದಿಂದ ಕಾಲಿಗೆ, ಒಂದೊಂದು ಮೆಟ್ಟಿಲಿಗೆ ಒಂದೊಂದು ವಾರ. ಹಿಕ್ಕೆ ಸಣ್ಣದಾದರೆ ಆ ವಾರ ಮುಂದಕ್ಕೆ ಹೋಗುವುದಿಲ್ಲ. ತೂಕ ಮೆಲ್ಲಗೆ ಇಳಿಯಬೇಕು. ನಾಲ್ಕು ತಿಂಗಳಲ್ಲಿ ಬೆಳ್ಳಿ ಎರಡು ಕಿಲೋ 600 ಗ್ರಾಮಿಗೆ ಬಂತು.

ಇನ್ನು ಹುಲ್ಲನ್ನು ಎಲ್ಲಿಂದ ತರುವುದು ಎಂಬುದು. ಪುಸ್ತಕಗಳಲ್ಲಿ ತಿಮೋಥಿ ಹುಲ್ಲೆಂದು ಬರೆದಿರುತ್ತಾರೆ. ಅದು ಚಳಿನಾಡಿನ ಹುಲ್ಲು, ಪೇಟೆಯಲ್ಲಿ ಸಿಕ್ಕರೂ ದುಬಾರಿ. ಎಡೆದೊರೆ ನಾಡಿನಲ್ಲಿರುವ ನಮಗೆ ಗಣಪತಿಗೆ ಏರಿಸುವ ಗರಿಕೆಗಿಂತ ಒಳ್ಳೆಯದು ಬೇಕಿಲ್ಲ. ಕಾಲುವೆಯ ಏರಿ, ಬಾವಿಯ ಬದು, ಗುಡಿಯ ಹಿಂದೆ, ನೀರಿನ ತಂಪಿದ್ದಲ್ಲೆಲ್ಲ ಬೆಳೆಯುತ್ತದೆ. ಕೊಯ್ದು, ನೆರಳು ಬಿಸಿಲು ಎರಡೂ ಇರುವೆಡೆ ತೆಳ್ಳಗೆ ಹರಡಿ, ಹಸಿರು ಮಾಸುವ ಮೊದಲೇ ಒಣಗಿಸಿ ಚೀಲಕ್ಕೆ ತುಂಬಿದರಾಯಿತು. ಭತ್ತದ ಹುಲ್ಲು ಮಾನ್ವಿ ಸಿಂಧನೂರು ಕಡೆ ಬೇಕಾದಷ್ಟಿದೆ. ಹಾಸಿಗೆಗೆ ಆದೀತು, ಊಟಕ್ಕೆ ಸತ್ವ ಸಾಲದು. ಬಲಿತು ಒಣಗಿದ ಜೋಳದ ಕಣಿಕೆಯ ಗರಿಯನ್ನು ಮೊಲ ಸಂತೋಷದಿಂದ ಅಗಿಯುತ್ತದೆ. ಆದರೆ ಎಳೆಯ ಜೋಳದ ಪೈರನ್ನು, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆಯನ್ನು ಎಂದಿಗೂ ಹಾಕಬಾರದು. ಅದನ್ನು ಮೇಯ್ದು ದನಗಳೇ ಸತ್ತದ್ದನ್ನು ನಮ್ಮ ರೈತರು ಬಲ್ಲರು, ಅದರಲ್ಲಿ ಸೈನೈಡಿನ ವಿಷ ಹುಟ್ಟುತ್ತದೆ. ಕುದುರೆಮೆಂತೆ ಮರಿಗಳಿಗೆ ಒಳ್ಳೆಯದು, ಬೆಳೆದ ಮೊಲಕ್ಕೆ ಅದರ ಸುಣ್ಣದಂಶ ಹೆಚ್ಚು: ಮೊಲದ ಮೈ ಬೇಕಾಗಲಿ ಬೇಡವಾಗಲಿ ಸುಣ್ಣವನ್ನು ಹೀರಿ, ಹೆಚ್ಚಾದದ್ದನ್ನು ಮೂತ್ರದಲ್ಲಿ ಬಿಡುತ್ತದೆ, ಅದು ಕೆಸರಿನಂತೆ ಮೂತ್ರಕೋಶದಲ್ಲಿ ಕೂಡುತ್ತದೆ.

ಶೇಂಗಾ ಹೊಟ್ಟನ್ನು ಬಹಳ ಜನ ಕೇಳುತ್ತಾರೆ. ಚೆನ್ನಾಗಿ ಒಣಗಿದ್ದರೆ ಅಷ್ಟಿಷ್ಟು ಕೊಡಬಹುದು. ಬೂಷ್ಟು ಹಿಡಿದ ವಾಸನೆಯಿದ್ದರೆ ದನಕ್ಕೂ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಕಾರಣವನ್ನು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಅದನ್ನು ತಾಳಿಕೊಳ್ಳುವ ಶಕ್ತಿ ಮೊಲಕ್ಕೆ ಬಹಳ ಕಡಿಮೆ.

ಇದಕ್ಕಿಂತ ಹತ್ತಿರದ ಭಯ ಇನ್ನೊಂದುಂಟು. ಹತ್ತಿಯ ಹೊಲ, ಮೆಣಸಿನಕಾಯಿ ಹೊಲ, ಭತ್ತದ ಗದ್ದೆ, ಇವುಗಳ ಬದುವಿನ ಹುಲ್ಲು ಎಷ್ಟು ಹಸಿರಾಗಿದ್ದರೂ ಕೊಯ್ಯಬೇಡಿರಿ. ಹೊಲಕ್ಕೆ ಸಿಂಪಡಿಸಿದ ಎಣ್ಣೆ ಬದುವಿಗೂ ಬೀಳುತ್ತದೆ. ಯಾರ ಹೊಲಕ್ಕೆ ಯಾವಾಗ ಸಿಂಪಡಿಸಿದರೆಂದು ಕೇಳಿ ತಿಳಿದುಕೊಂಡೇ ಕುಡುಗೋಲು ಹಾಕಬೇಕು. ಎಕ್ಕ, ಹರಳು, ಕಣಗಿಲೆಗಳನ್ನು ಹೇಳಬೇಕಾಗಿಯೇ ಇಲ್ಲ. ಕಾಂಗ್ರೆಸ್ ಹುಲ್ಲೆಂದು ಕರೆಯುವ ಪಾರ್ಥೇನಿಯಂ ಹೆಸರಿನಲ್ಲಿ ಮಾತ್ರ ಹುಲ್ಲು. ಗರಿಕೆಯ ನಡುವೆ ಅದರ ಎಳೆಯ ಗಿಡ ಸೇರಿಕೊಂಡಿರುತ್ತದೆ, ಆರಿಸಿ ತೆಗೆಯಬೇಕು.

ಬೇಸಿಗೆಯ ಮಾತು ಬೇರೆ. ರಾಯಚೂರಿನ ಏಪ್ರಿಲ್ ಮೇ ತಿಂಗಳಲ್ಲಿ ನಾಲ್ವತ್ತು ಡಿಗ್ರಿಯೆಂಬುದು ವಿಶೇಷವೇನಲ್ಲ. ಮೊಲಕ್ಕೆ ಮೂವತ್ತು ದಾಟಿದರೇ ಕಷ್ಟ. ಅದು ಬೆವರುವುದಿಲ್ಲ, ಮುಖ್ಯವಾಗಿ ಕಿವಿಗಳಿಂದ ಸೆಕೆಯನ್ನು ಹೊರಹಾಕುತ್ತದೆ. ಸೆಕೆಗೆ ತಿನ್ನುವುದನ್ನು ಬಿಟ್ಟರೆ ಮತ್ತೆ ಅದೇ ಕರುಳಿನ ತೊಂದರೆ. ಆದಕಾರಣ ಬೇಸಿಗೆಯಲ್ಲಿ ಊಟದ ಬದಲಾವಣೆಗೆ ಕೈಹಾಕಲೇಬಾರದು. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಆರಂಭಿಸುವುದು ಸೂಕ್ತ. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ತಣ್ಣೀರು ಸದಾ ಇರಬೇಕು. ಗೋಡೆಯ ಬದಿಗೆ ಒದ್ದೆ ಗೋಣಿತಾಟು, ನೆಲಕ್ಕೆ ಒಂದು ಶಹಾಬಾದಿ ಕಲ್ಲು. ನಮ್ಮ ಕಡೆ ಆ ಕಲ್ಲು ಇರುವುದು ಮೊಲದ ಪುಣ್ಯ.

ತಂಗಿಯ ವಿಷಯವನ್ನು ಕೇಳುವಿರಾದರೆ, ಆಕೆ ಪೂರ್ತಿ ಒಪ್ಪಿಲ್ಲ. ಈಗಲೂ ರೊಟ್ಟಿ ಸುಡುವಾಗ ಮೊಲ ಬಾಗಿಲ ಬಳಿ ಎರಡು ಕಾಲ ಮೇಲೆ ನಿಂತರೆ ಆಕೆಯ ಕೈ ತಾನಾಗಿ ರೊಟ್ಟಿಯ ಅಂಚಿಗೆ ಹೋಗುತ್ತದೆ; ಮೊಮ್ಮಗಳು ಅಲ್ಲಿಂದಲೇ "ಅಮ್ಮಮ್ಮಾ" ಎನ್ನುತ್ತಾಳೆ; ಕೈ ಹಿಂದಕ್ಕೆ ಬರುತ್ತದೆ, ಆಕೆ ಎದ್ದು ಹೋಗಿ ಬುಟ್ಟಿಯಿಂದ ಒಂದು ಹಿಡಿ ಗರಿಕೆ ತಂದು ಅದರ ಬಾಯಿಗೆ ಹಿಡಿಯುತ್ತಾಳೆ. ಮುಂದಿನ ಬೇಸಿಗೆಗೆಂದು ಅಟ್ಟದ ಮೇಲೆ ಎರಡು ಚೀಲ ಒಣಹುಲ್ಲನ್ನು ಕಟ್ಟಿಸಿಟ್ಟವಳೂ ಆಕೆಯೇ.